ಮನೆಯ ಜಾಲಕ್ಕೆ ನಕಾಶೆಯೂ ಪಹಣಿಯೂ

ಇತಿಹಾಸ ಮತ್ತು ರಾಜ್ಯಶಾಸ್ತ್ರಗಳನ್ನು ಓದುವ ವಿದ್ಯಾರ್ಥಿಯೊಬ್ಬನು ಗಣಕಜಾಲದ ವಿಷಯವಾಗಿ ಬರೆಯಹೊರಟುದನ್ನು ಕಂಡು ಸಹಪಾಠಿಗಳಲ್ಲಿ ಕೆಲವರಿಗೆ ನಗು ಬರಬಹುದು. ನಾನು ಈ ಶಾಸ್ತ್ರದಲ್ಲಿ ಪಂಡಿತನಲ್ಲ. ಪೆಟ್ಟು ತಿಂದು ಅಷ್ಟಿಷ್ಟು ಕಲಿತವನು. ದಾಖಲೆಯಿಲ್ಲದಿದ್ದರೆ ಇತಿಹಾಸವಿಲ್ಲ ಎಂದು ನಮ್ಮ ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ಮಾತು ಅರಸರ ಶಾಸನಗಳಿಗೆ ಮಾತ್ರವಲ್ಲ, ನಮ್ಮ ಮನೆಯ ಅಟ್ಟದ ಮೇಲಿನ ನಾಲ್ಕು ತಂತಿಗಳಿಗೂ ಸಲ್ಲುತ್ತದೆಂದು ತಿಳಿಯಲು ನನಗೆ ಒಂದು ನಷ್ಟವೇ ಆಗಬೇಕಾಯಿತು. ಆ ನಷ್ಟದ ಕಥೆಯನ್ನೂ, ಅದರಿಂದ ಹುಟ್ಟಿದ ಹುಡುಕಾಟವನ್ನೂ ಇಲ್ಲಿ ನಿವೇದಿಸುತ್ತೇನೆ.

ಇಂದು ಅನೇಕ ಮನೆಗಳಲ್ಲಿ ಒಂದು ಸಣ್ಣ ಜಾಲವುಂಟು. ಹೊರಗಿನಿಂದ ಒಂದು ಫೈಬರ್ ಎಳೆ ಬರುತ್ತದೆ; ಅದು ಒಂದು ಪೆಟ್ಟಿಗೆಯನ್ನು ಸೇರುತ್ತದೆ. ಜನ ಅದನ್ನು ಮೋಡೆಮ್ ಎನ್ನುತ್ತಾರೆ. ಅಲ್ಲಿಂದ ವೈಫೈ ಹರಡುತ್ತದೆ, ತಂತಿಗಳು ಕವಲೊಡೆಯುತ್ತವೆ. ಮೊಬೈಲು, ದೂರದರ್ಶನ, ಕ್ಯಾಮೆರಾ, ಲ್ಯಾಪ್‌ಟಾಪ್ ಎಲ್ಲವೂ ಅದನ್ನು ನೆಚ್ಚಿಕೊಂಡಿರುತ್ತವೆ. ಈ ಜಾಲದಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಸೇರಿದೆ ಎಂಬುದನ್ನು ಬರೆದಿಡಲು ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು? ಪ್ರಶ್ನೆ ಚಿಕ್ಕದು. ಆದರೆ ಉತ್ತರ ಹುಡುಕಹೊರಟವನಿಗೆ ಹತ್ತಾರು ಹೆಸರುಗಳು ಎದುರಾಗಿ, ಸಂತೆಯಲ್ಲಿ ದಾರಿ ತಪ್ಪಿದ ಮಗುವಿನಂತಾಗುತ್ತದೆ.

ನಮ್ಮೂರು ಮಾಕುಟ್ಟ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಕಾಡಿನ ಘಟ್ಟ ಇಳಿದು, ಕೇರಳದ ಕೂಟುಪುಳ, ಇರಿಟ್ಟಿಗಳ ಕಡೆಗೆ ಹೋಗುವ ರಸ್ತೆಯಲ್ಲಿ ಕೊಡಗಿನ ಕೊನೆಯ ಊರು. ಗಡಿಯ ತಪಾಸಣಾ ಠಾಣೆಯಿಂದಾಗಿ ಹೆಸರು ಮಾತ್ರ ದೂರದವರಿಗೂ ಪರಿಚಿತ. ಸುತ್ತಲೂ ಕಾಡು. ಮಳೆಗಾಲ ಬಂದರೆ ರಸ್ತೆಯ ಮೇಲೆ ಭರವಸೆಯಿಲ್ಲ. ೨೦೧೮ರ ಮುಂಗಾರಿನಲ್ಲಿ ಘಟ್ಟದ ಮಣ್ಣು ಕುಸಿದು ಸಂಚಾರವೇ ನಿಂತುಹೋಗಿತ್ತು. ೨೦೨೦ರಲ್ಲಿ ಕೋವಿಡ್ ಕಾಲಕ್ಕೆ ಗಡಿಯೂ ಮುಚ್ಚಿತು, ಶಾಲೆಗಳೂ ಮುಚ್ಚಿದುವು. ನಮ್ಮ ಮನೆಯೊಳಗೆ ಮೊಬೈಲಿನ ಸಿಗ್ನಲ್ ನಿಲ್ಲುವುದಿಲ್ಲ. ರಸ್ತೆಗೆ ಬಂದರೆ ಮಾತನಾಡಲು ಸಾಕಾಗುವಷ್ಟು ಸಿಗುತ್ತದೆ. ಪಾಠ ಕೇಳಲು, ಅರ್ಜಿ ತುಂಬಲು ಸಾಲದು. ಆ ವರ್ಷ ನಾನೂ ತಂಗಿಯೂ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತು ಪಾಠ ಕೇಳಿದುದನ್ನು ಕಂಡೇ ಅಣ್ಣ ಮರುವರ್ಷ ಫೈಬರ್ ಹಾಕಿಸಿದ್ದು.

ರಸ್ತೆಯ ಬದಿಗೆ ಅಪ್ಪನ ಚಹಾದಂಗಡಿ. ಅದರ ಹಿಂದೆ ಸ್ವಲ್ಪ ಏರಿನಲ್ಲಿ ನಮ್ಮ ಮನೆ. ಫೈಬರ್ ಬಂದು ಸೇರುವ ಪೆಟ್ಟಿಗೆ ಅಂಗಡಿಯಲ್ಲಿದೆ. ಅಲ್ಲಿಂದ ಅಣ್ಣ ಒಂದು ನೀಲಿ ತಂತಿಯನ್ನು ಮನೆಯ ಅಟ್ಟಕ್ಕೆ ಎಳೆದು, ಎಂಟು ಕಂಡಿಗಳ ಒಂದು ಸ್ವಿಚ್ ಇಟ್ಟ. ಅಗ್ಗದ ಸಣ್ಣ ಪೆಟ್ಟಿಗೆ ಅದು. ಆ ಸ್ವಿಚ್ಚಿನಿಂದ ಮನೆಯ ವೈಫೈ ಪೆಟ್ಟಿಗೆಗೆ ಒಂದು ತಂತಿ, ದೂರದರ್ಶನಕ್ಕೆ ಒಂದು, ಕ್ಯಾಮೆರಾಗಳ ಚಿತ್ರ ಹಿಡಿದಿಡುವ ಯಂತ್ರಕ್ಕೆ ಒಂದು, ಹಿತ್ತಿಲ ಕೋಣೆಗೆಂದು ಇನ್ನೊಂದು. ಒಂದು ಮಳೆಗಾಲದಲ್ಲಿ ಹಿತ್ತಿಲ ಕೋಣೆಯ ಗೋಡೆ ಬಿತ್ತು. ಆ ತಂತಿಯನ್ನು ಸುರುಳಿ ಸುತ್ತಿ ಅಟ್ಟದ ಮೇಲೆಯೇ ಬಿಟ್ಟರು. ಒಂದು ತುದಿ ಸ್ವಿಚ್ಚಿನಲ್ಲಿ, ಇನ್ನೊಂದು ತುದಿ ಗಾಳಿಯಲ್ಲಿ. ಅಣ್ಣನಿಗೆ ಇದೆಲ್ಲ ಬಾಯಿಪಾಠ. ಅವನು ಗಲ್ಫಿಗೆ ಕೆಲಸಕ್ಕೆ ಹೋದಾಗ ಆ ಪಾಠವೂ ಅವನೊಂದಿಗೆ ಕಡಲು ದಾಟಿತೆಂದು ನಮಗಾರಿಗೂ ಹೊಳೆಯಲಿಲ್ಲ.

ತುಲಾ ಸಂಕ್ರಮಣ ಕಳೆದ ಮೇಲೆ ನಮ್ಮ ಕಡೆ ಸಂಜೆಯ ಹೊತ್ತು ಗುಡುಗು ಮಳೆ ಬರುವುದುಂಟು. ಅಂತಹ ಒಂದು ಸಂಜೆ ದೊಡ್ಡ ಸಿಡಿಲೊಂದು ಬಡಿದು, ಮನೆಯ ವೈಫೈ ಪೆಟ್ಟಿಗೆಯ ಅಡಾಪ್ಟರ್ ಸುಟ್ಟಿತು. ಸುಟ್ಟದ್ದು ಅದೊಂದೇ. ಅಂಗಡಿಯಲ್ಲಿ ನೆಟ್ ಸರಿಯಾಗಿಯೇ ಇತ್ತು. ಅಪ್ಪ ಟಾರ್ಚು ಹಿಡಿದು ಅಟ್ಟ ಹತ್ತಿದರು. ಸುರುಳಿಯಿಂದ ಜೋತುಬಿದ್ದ ತಂತಿಯ ತುದಿ ಕಣ್ಣಿಗೆ ಬಿತ್ತು. ಇಲಿ ಎಳೆದುಹಾಕಿರಬೇಕೆಂದು ಎಣಿಸಿ, ಸ್ವಿಚ್ಚಿನ ಖಾಲಿ ಕಂಡಿಯೊಂದಕ್ಕೆ ಅದನ್ನು ಚುಚ್ಚಿದರು. ಬಿಟ್ಟುಹೋದುದನ್ನು ಸೇರಿಸಬೇಕೆಂಬುದು ಯಾವ ಮನುಷ್ಯನಿಗಾದರೂ ಸಹಜವಾಗಿ ತೋರುವ ಬುದ್ಧಿ. ಆದರೆ ಆ ಕ್ಷಣದಿಂದ ಅಂಗಡಿಯ ನೆಟ್ಟೂ ಸತ್ತಿತು.

ಅಪ್ಪ ರಸ್ತೆಗೆ ಬಂದು ಹಾಸ್ಟೆಲಿನಲ್ಲಿದ್ದ ನನಗೆ ಫೋನು ಮಾಡಿದರು. "ಯಾವ ಪೆಟ್ಟಿಗೆಯ ದೀಪ ಉರಿಯುತ್ತಿದೆ ಅಪ್ಪ?" ಎಂದು ನಾನು ಕೇಳಿದರೆ, "ಎಲ್ಲದರಲ್ಲೂ ಉರಿಯುತ್ತಿದೆ ಮಗನೇ, ಅಟ್ಟದ ಮೇಲಿನದು ಹುಚ್ಚು ಹಿಡಿದ ಹಾಗೆ ಮಿನುಗುತ್ತಿದೆ," ಎಂದರು. ಅಟ್ಟದ ಮೇಲಿನದೆಂದರೆ ಯಾವುದು, ಅದರಿಂದ ಯಾವ ತಂತಿ ಎಲ್ಲಿಗೆ ಎಂದು ನನಗೂ ತಿಳಿಯದು. ಮರುದಿನ ನೆಟ್ಟಿನವರು ಬಂದು, ಫೈಬರಿನ ದೀಪ ಹಸಿರಾಗಿದೆ, ತೊಂದರೆ ಮನೆಯ ತಂತಿಗಳಲ್ಲಿದೆ ಎಂದು ಹೇಳಿ ಹೋದರು. ಅವರು ಹೇಳಿದುದು ನಿಜವೇ. ತಂಗಿಯ ವಿದ್ಯಾರ್ಥಿವೇತನದ ಅರ್ಜಿಗೆ ಇನ್ನು ಎರಡು ದಿನ ಉಳಿದಿತ್ತು. ಅವಳ ಪ್ರಮಾಣಪತ್ರಗಳೆಲ್ಲ ಮನೆಯಲ್ಲಿದ್ದುವು. ಇಂದು ಸರಿಹೋದೀತು, ನಾಳೆ ಸರಿಹೋದೀತು ಎಂದು ಕಾದರು. ಕೊನೆಯ ದಿನ ವಿರಾಜಪೇಟೆಗೆ ಹೋಗೋಣವೆಂದು ಹೊರಟರೆ, ಘಟ್ಟದಲ್ಲಿ ಮರ ಬಿದ್ದು ಬಸ್ಸು ಬರಲಿಲ್ಲ. ಶನಿವಾರ ನಾನು ಮನೆ ಸೇರುವಷ್ಟರಲ್ಲಿ ಅವಧಿ ಮುಗಿದಿತ್ತು. ಆ ವರ್ಷದ ವೇತನ ಅವಳಿಗೆ ಬರಲಿಲ್ಲ. ಅಪ್ಪನ ಮುಖ ನೋಡಲು ನನಗೆ ಕಷ್ಟವಾಯಿತು. ಏಕೆಂದರೆ ಅವರು ತಪ್ಪು ತಮ್ಮದೆಂದೇ ನಂಬಿದ್ದರು.

ತಪ್ಪು ಅವರದಾಗಿರಲಿಲ್ಲ. ಇಲ್ಲಿ ನಡೆದುದನ್ನು ಸ್ವಲ್ಪ ವಿವರಿಸುವುದು ಅವಶ್ಯ. ಜಾಲದಲ್ಲಿ ಕೆಲವು ಸಂದೇಶಗಳು ಒಬ್ಬರಿಗೆಂದು ಹೋಗುತ್ತವೆ, ಕೆಲವು ಎಲ್ಲರಿಗೂ ಎಂದು ಡಂಗುರದಂತೆ ಹೋಗುತ್ತವೆ. ಸ್ವಿಚ್ ಎಂಬುದು ಡಂಗುರದ ಸಂದೇಶ ಬಂದರೆ, ಬಂದ ಕಂಡಿಯೊಂದನ್ನು ಬಿಟ್ಟು ಉಳಿದ ಎಲ್ಲ ಕಂಡಿಗಳಿಂದಲೂ ಅದನ್ನು ಹೊರಗೆ ಕಳುಹಿಸುತ್ತದೆ. ಒಂದೇ ತಂತಿಯ ಎರಡು ತುದಿಗಳೂ ಅದೇ ಸ್ವಿಚ್ಚಿನಲ್ಲಿದ್ದರೆ, ಹೊರಗೆ ಕಳುಹಿಸಿದ ಸಂದೇಶ ಹಿಂದಿರುಗಿ ತನ್ನಲ್ಲಿಗೇ ಬರುತ್ತದೆ. ಸ್ವಿಚ್ ಅದನ್ನು ಹೊಸ ಸಂದೇಶವೆಂದು ತಿಳಿದು ಮತ್ತೆ ಕಳುಹಿಸುತ್ತದೆ. ಕ್ಷಣಮಾತ್ರದಲ್ಲಿ ಒಂದು ಕೂಗು ಸಾವಿರವಾಗಿ, ಬೇರೆ ಯಾವ ಮಾತಿಗೂ ಎಡೆಯಿಲ್ಲದಂತಾಗುತ್ತದೆ. ನೀಲಿ ತಂತಿಯ ಮೂಲಕ ಅದು ಅಂಗಡಿಯ ಪೆಟ್ಟಿಗೆಯನ್ನೂ ಮುಳುಗಿಸಿತು. ಇಂತಹ ಸುತ್ತುಗಳನ್ನು ತಾನಾಗಿ ಕಂಡುಹಿಡಿದು ಮುಚ್ಚುವ ವಿಧಾನವೊಂದನ್ನು ರಾಡಿಯಾ ಪರ್ಲ್‌ಮನ್ ಎಂಬ ಮಹಿಳೆ ೧೯೮೫ರಲ್ಲಿ ರೂಪಿಸಿದಳು. ದೊಡ್ಡ ಕಚೇರಿಗಳ ಸ್ವಿಚ್ಚುಗಳಲ್ಲಿ ಅದು ಇರುತ್ತದೆ. ನಮ್ಮ ಅಟ್ಟದ ಅಗ್ಗದ ಪೆಟ್ಟಿಗೆಯಲ್ಲಿ ಇರಲಿಲ್ಲ. ಆ ತಂತಿಗೆ "ಇದು ಹಿತ್ತಿಲ ಕೋಣೆಯದು, ಈಗ ಬೇಡ" ಎಂಬ ಒಂದು ಚೀಟಿ ಇದ್ದಿದ್ದರೆ ಅಪ್ಪ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಆ ಶನಿವಾರವೇ ನಾನು ತಂತ್ರಾಂಶದ ಹುಡುಕಾಟ ಆರಂಭಿಸಿದೆ. ಮೊದಲು ನನಗೆ ಬೇಕಾದುದೇನೆಂಬುದೇ ಸ್ಪಷ್ಟವಿರಲಿಲ್ಲ. ಕೊನೆಗೆ ನಮ್ಮ ಹಳ್ಳಿಗರಿಗೆಲ್ಲ ಪರಿಚಯವಿರುವ ಒಂದು ಹೋಲಿಕೆ ದಾರಿ ತೋರಿತು. ಜಮೀನಿಗೆ ಎರಡು ಬಗೆಯ ದಾಖಲೆ ಉಂಟು. ಒಂದು ಗ್ರಾಮದ ನಕಾಶೆ. ಯಾವ ತುಂಡು ಯಾವುದರ ಪಕ್ಕದಲ್ಲಿದೆ, ದಾರಿ ಎಲ್ಲಿ, ತೋಡು ಎಲ್ಲಿ ಎಂದು ಅದು ತೋರಿಸುತ್ತದೆ. ಇನ್ನೊಂದು ಪಹಣಿ, ಆ ತುಂಡಿನ ವಿಸ್ತೀರ್ಣವೇನು, ಒಡೆಯರು ಯಾರು, ಬೆಳೆ ಯಾವುದು ಎಂದು ಅದು ಹೇಳುತ್ತದೆ. ಎರಡನ್ನೂ ಬೆಸೆಯುವುದು ಸರ್ವೆ ನಂಬರು. ೨೦೦೦ದ ಸುಮಾರಿಗೆ ಕರ್ನಾಟಕ ಸರಕಾರವು "ಭೂಮಿ" ಯೋಜನೆಯಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗಲೂ ಈ ಕ್ರಮ ಬದಲಾಗಲಿಲ್ಲ. ಮನೆಯ ಜಾಲಕ್ಕೂ ಇವೆರಡೂ ಬೇಕು: ಯಾವುದು ಯಾವುದಕ್ಕೆ ಸೇರಿದೆ ಎಂಬ ನಕಾಶೆ, ಒಂದೊಂದರ ವಿವರ ಬರೆದ ಪಹಣಿ, ಎರಡಕ್ಕೂ ಸಮಾನವಾದ ಒಂದು ಸಂಖ್ಯೆ. ಇವಲ್ಲದೆ, ಜಮೀನಿನ ಮೇಲೆ ನಿಜವಾಗಿ ಏನಿದೆ ಎಂದು ನೋಡಿಬರುವ ಮೋಜಣಿದಾರನೂ ಬೇಕು. ಪೇಟೆಯಲ್ಲಿ ಸಿಗುವ ತಂತ್ರಾಂಶಗಳು ಹೆಚ್ಚಾಗಿ ಈ ಮೂರು ಕೆಲಸಗಳಲ್ಲಿ ಒಂದನ್ನು ಮಾಡತಕ್ಕವು. ಒಂದರಿಂದ ಇನ್ನೊಂದರ ಕೆಲಸವನ್ನು ನಿರೀಕ್ಷಿಸುವುದೇ ಗೊಂದಲಕ್ಕೆ ಮೂಲ.

ಮೊದಲು ಮೋಜಣಿದಾರರನ್ನು ನೋಡೋಣ. ಮೊಬೈಲಿನಲ್ಲಿ ನಡೆಯುವ ಫಿಂಗ್, ಗಣಕದಲ್ಲಿ ನಡೆಯುವ ಆ್ಯಂಗ್ರಿ ಐಪಿ ಸ್ಕ್ಯಾನರ್, ಇವೆಲ್ಲಕ್ಕಿಂತ ಹಿರಿಯದಾದ ಎನ್‌ಮ್ಯಾಪ್ ಈ ವರ್ಗಕ್ಕೆ ಸೇರಿದವು. ಎನ್‌ಮ್ಯಾಪನ್ನು ಗಾರ್ಡನ್ ಲಯನ್ ಎಂಬಾತ ೧೯೯೭ರಲ್ಲಿ ಪ್ರಕಟಿಸಿದ. ಇಂದಿಗೂ ಅದು ಉಚಿತ. ಅಕ್ಷರದ ಆಜ್ಞೆಗಳಿಗೆ ಹೆದರುವವರಿಗಾಗಿ ಝೆನ್‌ಮ್ಯಾಪ್ ಎಂಬ ಚಿತ್ರರೂಪದ ಮುಖವೂ ಅದಕ್ಕಿದೆ. ಇವುಗಳ ಕೆಲಸದ ರೀತಿ ಸರಳ. ಮನೆಯ ಜಾಲದಲ್ಲಿ ಪ್ರತಿಯೊಂದು ಉಪಕರಣಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಖಾಸಗಿ ಜಾಲಗಳ ಒಳಗಿನ ಬಳಕೆಗೆಂದೇ ಮೂರು ವಿಳಾಸದ ಗುಂಪುಗಳನ್ನು ೧೯೯೬ರಲ್ಲಿ ಗೊತ್ತುಮಾಡಿ ಪ್ರಕಟಿಸಿದರು. ನಮ್ಮ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವ ೧೯೨.೧೬೮ ಎಂದು ಆರಂಭವಾಗುವ ವಿಳಾಸ ಅವುಗಳಲ್ಲೊಂದು. ಸಾಮಾನ್ಯ ಮನೆಯ ಜಾಲದಲ್ಲಿ ಇಂತಹ ೨೫೪ ವಿಳಾಸಗಳಿಗೆ ಎಡೆಯುಂಟು. ಶೋಧಕ ತಂತ್ರಾಂಶವು ಒಂದೊಂದು ವಿಳಾಸದ ಬಾಗಿಲನ್ನೂ ತಟ್ಟಿ "ಇದು ಯಾರದು?" ಎಂದು ಕೇಳುತ್ತದೆ. ಉತ್ತರ ಕೊಟ್ಟವರ ಪಟ್ಟಿ ಮಾಡುತ್ತದೆ.

ಉತ್ತರದ ಜೊತೆಗೆ ಉಪಕರಣದ ಮ್ಯಾಕ್ ವಿಳಾಸವೂ ದೊರೆಯುತ್ತದೆ. ಇದು ೪೮ ಬಿಟ್ಟುಗಳ ಸಂಖ್ಯೆ. ಮೊದಲ ಅರ್ಧದಿಂದ ತಯಾರಕರು ಯಾರೆಂದು ತಿಳಿಯಬಹುದು. ಆದರೆ ಮೊಬೈಲುಗಳ ವಿಷಯದಲ್ಲಿ ಈ ಗುರುತು ಈಗ ನಂಬಲರ್ಹವಲ್ಲ. ೨೦೧೯ರ ಆಂಡ್ರಾಯ್ಡ್ ೧೦ರಿಂದಲೂ, ೨೦೨೦ರ ಐಓಎಸ್ ೧೪ರಿಂದಲೂ ಮೊಬೈಲುಗಳು ಜನರ ಗೋಪ್ಯತೆಯ ರಕ್ಷಣೆಗಾಗಿ ವೈಫೈಗೆ ಒಂದು ಕಲ್ಪಿತ ಮ್ಯಾಕ್ ವಿಳಾಸವನ್ನು ತೋರಿಸುವುದೇ ರೂಢಿಯಾಗಿದೆ. ನನ್ನ ಮೊದಲ ಶೋಧದಲ್ಲಿ ಮೂರು "ಅಪರಿಚಿತರು" ಕಂಡುಬಂದು ಕಳ್ಳರೆಂದು ಗಾಬರಿಯಾದೆ. ಕೊನೆಗೆ ನೋಡಿದರೆ ಆ ಮೂವರು ಅಪ್ಪ, ಅಮ್ಮ ಮತ್ತು ತಂಗಿ!

ಈ ಶೋಧಕರ ಮಿತಿಯನ್ನು ನಾನು ಕಷ್ಟಪಟ್ಟು ಅರಿತೆ. ಅಂಗಡಿಯಲ್ಲಿ ನಿಂತು ಶೋಧಿಸಿದರೆ ಒಂದು ಪಟ್ಟಿ, ಮನೆಯಲ್ಲಿ ನಿಂತು ಶೋಧಿಸಿದರೆ ಬೇರೆಯೇ ಪಟ್ಟಿ ಬಂದಿತು. ಕಾರಣವೇನೆಂದರೆ ಮನೆಯ ವೈಫೈ ಪೆಟ್ಟಿಗೆಯೂ ತಾನೇ ಒಂದು ರೂಟರ್ ಆಗಿ, ತನ್ನ ಹಿಂದೆ ಬೇರೊಂದು ಜಾಲವನ್ನು ಕಟ್ಟಿಕೊಂಡಿತ್ತು. ಅಂಗಡಿಯ ಕಡೆಯಿಂದ ನೋಡಿದರೆ ಆ ಪೆಟ್ಟಿಗೆ ಒಂದೇ ಬಾಗಿಲಿನ ಮನೆ. ಒಳಗೆ ಎಷ್ಟು ಜನರಿದ್ದಾರೆಂದು ತಿಳಿಯದು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಿತಿಯುಂಟು. ಅಗ್ಗದ ಸ್ವಿಚ್ಚಿಗೆ ತನ್ನದೇ ಆದ ವಿಳಾಸವಿಲ್ಲ. ಬಾಗಿಲು ತಟ್ಟಿದರೆ ಅದು ಉತ್ತರ ಕೊಡುವುದಿಲ್ಲ. ತಂತಿಯಂತೂ ಎಂದಿಗೂ ಉತ್ತರ ಕೊಡದು. ಎಂದರೆ, ನಮ್ಮ ಮನೆಗೆ ನಷ್ಟ ತಂದ ಆ ಎರಡು ವಸ್ತುಗಳು, ಅಟ್ಟದ ಸ್ವಿಚ್ಚೂ ಹಿತ್ತಿಲ ತಂತಿಯೂ, ಜಗತ್ತಿನ ಅತ್ಯುತ್ತಮ ಶೋಧಕ ತಂತ್ರಾಂಶದ ಪಟ್ಟಿಯಲ್ಲಿಯೂ ಬರುತ್ತಿರಲಿಲ್ಲ. ಅವನ್ನು ಕಾಣಬೇಕಾದರೆ ಟಾರ್ಚು ಹಿಡಿದು ಅಟ್ಟ ಹತ್ತಿ, ತಂತಿಯನ್ನು ಕೈಯಿಂದ ಸವರಿಕೊಂಡೇ ಹೋಗಬೇಕು. ಇನ್ನೊಂದು ಎಚ್ಚರಿಕೆಯ ಮಾತು: ಈ ಸಾಧನಗಳನ್ನು ನಮ್ಮ ಸ್ವಂತ ಜಾಲದ ಮೇಲೆ ಮಾತ್ರ ಪ್ರಯೋಗಿಸತಕ್ಕದ್ದು. ಅನ್ಯರ ಮನೆಯ ಬಾಗಿಲನ್ನೆಲ್ಲ ತಟ್ಟುತ್ತ ಹೋಗುವವನನ್ನು ಊರಿನಲ್ಲಿ ಹೇಗೆ ನೋಡುತ್ತಾರೋ, ಇಲ್ಲಿಯೂ ಹಾಗೆಯೇ.

ಎರಡನೆಯದು ಪಹಣಿಯ ವರ್ಗ. ಇದರಲ್ಲಿ ಬಹಳ ಹೆಸರಾದುದು ನೆಟ್‌ಬಾಕ್ಸ್. ಡಿಜಿಟಲ್‌ಓಷನ್ ಎಂಬ ಕಂಪೆನಿಯಲ್ಲಿ ಜೆರೆಮಿ ಸ್ಟ್ರೆಚ್ ಎಂಬಾತ ಇದನ್ನು ರಚಿಸಿದ. ೨೦೧೬ರಲ್ಲಿ ಇದು ಎಲ್ಲರಿಗೂ ಮುಕ್ತವಾಯಿತು. ಉಪಕರಣ, ಕಂಡಿ, ತಂತಿ, ವಿಳಾಸ ಎಲ್ಲಕ್ಕೂ ಇದರಲ್ಲಿ ಕ್ರಮವಾದ ಸ್ಥಾನವಿದೆ. ಇದರ ಹಿಂದಿನ ತತ್ತ್ವ ನನಗೆ ಬಹಳ ಹಿಡಿಸಿತು. ಜಾಲ ಈಗ ಹೇಗಿದೆ ಎಂಬುದಲ್ಲ, ಅದು ಹೇಗಿರಬೇಕು ಎಂಬುದನ್ನು ಇಲ್ಲಿ ಮನುಷ್ಯನು ಬರೆದಿಡುತ್ತಾನೆ. ಶೋಧಕವು ಇದ್ದುದನ್ನು ಹೇಳುತ್ತದೆ. ಪಹಣಿಯು ಇರಬೇಕಾದುದನ್ನು ಹೇಳುತ್ತದೆ. ಇವೆರಡರ ನಡುವಿನ ಅಂತರವೇ ದೋಷ. ಶೋಧಕದ ಫಲವನ್ನೇ ಪಹಣಿಯೆಂದು ಬರೆದುಕೊಂಡರೆ, ತಪ್ಪಾಗಿ ಚುಚ್ಚಿದ ತಂತಿಯೂ ಸರಿಯೆಂದೇ ದಾಖಲಾಗುತ್ತದೆ.

ತತ್ತ್ವ ಹಿಡಿಸಿದರೂ ನೆಟ್‌ಬಾಕ್ಸ್ ನಮ್ಮ ಮನೆಗೆ ಹೊಂದಲಿಲ್ಲ. ಅದು ನಡೆಯಬೇಕಾದರೆ ಸದಾ ಎಚ್ಚರವಾಗಿರುವ ಒಂದು ಗಣಕ ಬೇಕು. ಅದರಲ್ಲಿ ಪೋಸ್ಟ್‌ಗ್ರೆಸ್, ರೆಡಿಸ್ ಎಂಬ ಬೇರೆ ತಂತ್ರಾಂಶಗಳನ್ನೂ ನಿಲ್ಲಿಸಬೇಕು. ವಿಳಾಸಗಳ ಲೆಕ್ಕಕ್ಕೆಂದೇ ಇರುವ ಪಿಎಚ್‌ಪಿ ಐಪ್ಯಾಮ್ ಇದಕ್ಕಿಂತ ಚಿಕ್ಕದಾದರೂ ಅದಕ್ಕೂ ಒಂದು ಸರ್ವರ್ ಬೇಕೇ ಬೇಕು. ಉಪಕರಣಗಳ ಆರೋಗ್ಯವನ್ನು ಹಗಲಿರುಳು ನೋಡುವ ಲಿಬ್ರೆಎನ್‌ಎಂಎಸ್ ಇನ್ನೊಂದುಂಟು. ಆದರೆ ಅದು ಮಾತನಾಡಬಲ್ಲ ಉಪಕರಣಗಳೊಡನೆ ಮಾತ್ರ ಮಾತನಾಡುತ್ತದೆ, ನಮ್ಮ ಸ್ವಿಚ್ಚು ಮೂಗ. ಕಾಲೇಜಿಗೆ, ಆಸ್ಪತ್ರೆಗೆ, ಬ್ಯಾಂಕಿಗೆ ಇವು ಯೋಗ್ಯವಾದುವು. ಐದು ಪೆಟ್ಟಿಗೆಗಳ ಮನೆಗೆ ಇವನ್ನು ತಂದರೆ, ಎರಡು ಎಮ್ಮೆ ಸಾಕಿದವನು ಹಾಲಿನ ಡೈರಿಯ ಯಂತ್ರ ತರಿಸಿದಂತೆ. ಮೇಲಾಗಿ, ಆ ಯಂತ್ರ ಕೆಟ್ಟರೆ ಅದಕ್ಕೂ ಒಂದು ನಕಾಶೆ ಬೇಕಾದೀತು.

ಮೂರನೆಯದು ನಕಾಶೆಯ ವರ್ಗ. ಮೈಕ್ರೋಸಾಫ್ಟಿನ ವಿಸಿಯೋ ಈ ಕೆಲಸದಲ್ಲಿ ಹಳೆಯ ಹೆಸರು. ಆದರೆ ಹಣ ಕೊಟ್ಟು ಕೊಳ್ಳಬೇಕು. ಡ್ರಾ.ಐಓ ಎಂಬುದು ಉಚಿತ. ಅದನ್ನು ಗಣಕದಲ್ಲಿ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಲಿಬ್ರೆಆಫೀಸಿನ ಡ್ರಾ ಕೂಡ ಉಚಿತವೇ. ಇವುಗಳಲ್ಲಿ ಕನ್ನಡ, ಮಲಯಾಳ ಅಕ್ಷರಗಳನ್ನು ನೇರವಾಗಿ ಬರೆಯಬಹುದು.

ನಕಾಶೆ ಬರೆಯುವಾಗ ನಾನು ಮೊದಲು ಮಾಡಿದ ತಪ್ಪೊಂದನ್ನು ಹೇಳಬೇಕು. ಮನೆಯ ಗೋಡೆ, ಬಾಗಿಲು, ಅಂಗಡಿಗೆ ಇಳಿಯುವ ಮೆಟ್ಟಿಲು ಎಲ್ಲವನ್ನೂ ಅಳತೆಗೆ ಸರಿಯಾಗಿ ಬರೆದೆ. ಚಿತ್ರ ಅಂದವಾಗಿತ್ತು, ಆದರೆ ತಂತಿಗಳು ಒಂದರ ಮೇಲೊಂದು ಬಿದ್ದು ಏನೂ ತಿಳಿಯುತ್ತಿರಲಿಲ್ಲ. ಲಂಡನ್ ನಗರದ ನೆಲದಡಿಯ ರೈಲಿನ ನಕಾಶೆಗೂ ಒಮ್ಮೆ ಇದೇ ಗತಿಯಾಗಿತ್ತು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ನಕಾಶೆಗಾರನಾಗಿದ್ದ ಹ್ಯಾರಿ ಬೆಕ್ ಎಂಬಾತ ೧೯೩೧ರಲ್ಲಿ, ಊರಿನ ನಿಜವಾದ ದೂರ ದಿಕ್ಕುಗಳನ್ನು ಬದಿಗಿಟ್ಟು, ನೇರ ಗೆರೆಗಳಿಂದ ನಿಲ್ದಾಣಗಳ ಸಂಬಂಧವನ್ನಷ್ಟೆ ತೋರಿಸಿದ. ೧೯೩೩ರಲ್ಲಿ ಅದು ಅಚ್ಚಾಗಿ ಜನರ ಕೈಸೇರಿತು. ಜಗತ್ತಿನ ಎಷ್ಟೋ ರೈಲು ನಕಾಶೆಗಳಿಗೆ ಮಾದರಿಯಾಯಿತು. ಪ್ರಯಾಣಿಕನಿಗೆ ಬೇಕಾದುದು ದೂರವಲ್ಲ, ಎಲ್ಲಿ ಇಳಿದು ಎಲ್ಲಿ ಹತ್ತಬೇಕೆಂಬುದು. ಅದರಂತೆ ನಾನೂ ಎರಡನೆಯ ನಕಾಶೆಯಲ್ಲಿ ಗೋಡೆಗಳನ್ನು ಅಳಿಸಿ, ಮೇಲೆ ಫೈಬರ್, ಅದರ ಕೆಳಗೆ ಅಂಗಡಿಯ ಪೆಟ್ಟಿಗೆ, ಅದರ ಕೆಳಗೆ ಅಟ್ಟದ ಸ್ವಿಚ್, ಅಲ್ಲಿಂದ ಕವಲುಗಳು ಎಂದು ಮರವನ್ನು ತಲೆಕೆಳಗು ಮಾಡಿದಂತೆ ಬರೆದೆ.

ಇಷ್ಟನ್ನೆಲ್ಲ ನೋಡಿದ ಮೇಲೆ ಯಾವುದೇ ತಂತ್ರಾಂಶಕ್ಕೆ ನಾಲ್ಕು ಪ್ರಶ್ನೆ ಹಾಕಬೇಕೆಂದು ನಿಶ್ಚಯಿಸಿದೆ. ಮೊದಲನೆಯದು, ನೆಟ್ ಸತ್ತಾಗ, ಕರೆಂಟು ಹೋದಾಗ ಅದರ ದಾಖಲೆ ಕಣ್ಣಿಗೆ ಸಿಗುವುದೇ? ದೂರದ ಸರ್ವರಿನಲ್ಲಿ ಮಾತ್ರ ಇರುವ ದಾಖಲೆಯು, ಬಾವಿಗೆ ಬಿದ್ದವನಿಗೆ ಮೇಲಿನ ಮನೆಯ ಏಣಿ ಇದ್ದಂತೆ. ಎರಡನೆಯದು, ಬರೆದವನು ಊರಲ್ಲಿಲ್ಲದಾಗ ಮನೆಯಲ್ಲಿ ಉಳಿದವರು ಅದನ್ನು ಓದಬಲ್ಲರೇ? ಮೂರನೆಯದು, ಆ ತಂತ್ರಾಂಶ ನಾಳೆ ನಿಂತುಹೋದರೂ ಬರೆದುದು ಸಾಮಾನ್ಯವಾದ ಬೇರೊಂದು ರೂಪದಲ್ಲಿ ಉಳಿಯುವುದೇ? ನಾಲ್ಕನೆಯದು, ಒಂದು ತಂತಿ ಬದಲಾದಾಗ ಐದು ನಿಮಿಷದಲ್ಲಿ ತಿದ್ದಲು ಸಾಧ್ಯವೇ? ತಿದ್ದುವುದು ಕಷ್ಟವಾದರೆ ಯಾರೂ ತಿದ್ದುವುದಿಲ್ಲ.

ನಮ್ಮ ಮನೆಗೆ ಎರಡನೆಯ ಪ್ರಶ್ನೆಯೇ ಕಠಿಣವಾದುದು. ಅಪ್ಪ ಮಲಯಾಳವನ್ನು ಸರಾಗವಾಗಿಯೂ ಕನ್ನಡವನ್ನು ನಿಧಾನವಾಗಿಯೂ ಓದುತ್ತಾರೆ, ಇಂಗ್ಲಿಷ್ ಬಾರದು. ಅಮ್ಮ ಅಂಕಿಗಳನ್ನು ಮಾತ್ರ ಬಲ್ಲರು. ಕಾಲೇಜಿನ ಮೆಟ್ಟಿಲು ಹತ್ತಿದವನು ಮನೆಯಲ್ಲಿ ನಾನೊಬ್ಬನೇ. ನಾನು ಕಲಿತುದನ್ನು ನನಗೆ ಮಾತ್ರ ತಿಳಿಯುವಂತೆ ಬರೆದಿಟ್ಟರೆ, ಅಣ್ಣ ಮಾಡಿದುದಕ್ಕೂ ನಾನು ಮಾಡುವುದಕ್ಕೂ ಭೇದವೇನು? ನಾಳೆ ನಾನೂ ಕೆಲಸ ಹುಡುಕಿಕೊಂಡು ಊರು ಬಿಡುವವನೇ.

ಆದುದರಿಂದ ನನ್ನ ಆಯ್ಕೆ ಹೀಗಾಯಿತು. ಶೋಧಕ್ಕೆ ಫಿಂಗ್, ಅದೂ ತಿಂಗಳಿಗೊಮ್ಮೆ ಹೋಲಿಸಿ ನೋಡಲು ಮಾತ್ರ. ನಕಾಶೆಗೆ ಡ್ರಾ.ಐಓ. ಪಹಣಿಗೆ ಲಿಬ್ರೆಆಫೀಸಿನ ಕ್ಯಾಲ್ಕ್, ಎಂದರೆ ಸಾಮಾನ್ಯವಾದ ಕೋಷ್ಟಕ. ಅದರಲ್ಲಿ ಏಳು ಅಂಕಣಗಳು: ಸಂಖ್ಯೆ, ವಸ್ತುವಿನ ಹೆಸರು, ಇರುವ ಸ್ಥಳ, ಯಾವುದಕ್ಕೆ ಸೇರಿದೆ, ಐಪಿ ವಿಳಾಸ, ಸರಿಯಿದ್ದಾಗ ದೀಪ ಹೇಗಿರುತ್ತದೆ, ಕೊನೆಯ ಸಲ ನೋಡಿದ ತಾರೀಖು. ಐಪಿ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಂಕಿಗಳಲ್ಲಿಯೇ ಬರೆದೆ. ಯಂತ್ರಕ್ಕೆ ಹಾಗೆಯೇ ಕೊಡಬೇಕಷ್ಟೆ. ದೀಪದ ಅಂಕಣ ಯಾವ ತಂತ್ರಾಂಶದಲ್ಲಿಯೂ ನನಗೆ ಸಿಕ್ಕಿದುದಲ್ಲ; "ಎಲ್ಲದರಲ್ಲೂ ಉರಿಯುತ್ತಿದೆ ಮಗನೇ" ಎಂಬ ಅಪ್ಪನ ಮಾತಿನಿಂದ ಹುಟ್ಟಿದುದು. ಪೆಟ್ಟಿಗೆಗಳಿಗೆ ೧ರಿಂದ ೫ರ ವರೆಗೆ, ತಂತಿಗಳಿಗೆ ೧೧ರಿಂದ ಮುಂದಕ್ಕೆ ಸಂಖ್ಯೆ ಕೊಟ್ಟೆ. ತಂತಿಯ ಎರಡು ತುದಿಗಳಿಗೂ ಅದೇ ಸಂಖ್ಯೆಯ ಚೀಟಿ ಅಂಟಿಸಿದೆ. ಒಂದೇ ತುದಿಗೆ ಅಂಟಿಸಿದರೆ ಪ್ರಯೋಜನವಿಲ್ಲ. ಹಿತ್ತಿಲ ಕೋಣೆಯ ತಂತಿಯನ್ನು ಬಿಚ್ಚಿ ಅಟ್ಟದಿಂದಲೇ ಇಳಿಸಿದೆ. ನಕಾಶೆಯಲ್ಲಿ ಪ್ರತಿ ಹೆಸರನ್ನೂ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆದು, ಎರಡು ಪ್ರತಿ ಅಚ್ಚು ಹಾಕಿಸಿ, ಒಂದನ್ನು ಅಂಗಡಿಯ ಗೋಡೆಗೂ ಇನ್ನೊಂದನ್ನು ಅಟ್ಟದ ಏಣಿಯ ಬಳಿಗೂ ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿದೆ. ಗುಪ್ತಪದಗಳನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ; ಚಹಾ ಕುಡಿಯಲು ಬಂದವರೆಲ್ಲ ಓದುವ ಗೋಡೆ ಅದು. ಅವು ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ, ಪಡಿತರ ಚೀಟಿಯ ಜೊತೆಗಿವೆ.

ದಾಖಲೆ ಮಾಡುವುದಕ್ಕಿಂತ ಅದನ್ನು ಕಾಲಕಾಲಕ್ಕೆ ತಿದ್ದುವುದು ಕಷ್ಟವೆಂಬುದನ್ನು ಕೊಡಗಿನವರಿಗೆ ಹೇಳಬೇಕಾಗಿಲ್ಲ. ಜಮ್ಮಾ ಹಿಡುವಳಿಗಳಲ್ಲಿ ಎಂದೋ ತೀರಿಹೋದ ಹಿರಿಯರ ಹೆಸರೇ ದಾಖಲೆಯಲ್ಲಿ ಉಳಿದು, ಮಕ್ಕಳು ಮೊಮ್ಮಕ್ಕಳು ಸಾಲಕ್ಕೂ ಹಕ್ಕಿಗೂ ಅಲೆದಾಡುವುದನ್ನು ನಾವು ಕೇಳುತ್ತಲೇ ಇದ್ದೇವೆ. ಹಳತಾದ ದಾಖಲೆ ಕೆಲವೊಮ್ಮೆ ದಾಖಲೆಯಿಲ್ಲದುದಕ್ಕಿಂತಲೂ ಕೇಡು, ಏಕೆಂದರೆ ಜನ ಅದನ್ನು ನಂಬುತ್ತಾರೆ. ಅದಕ್ಕಾಗಿ ನಕಾಶೆಯ ಮೂಲೆಯಲ್ಲಿ ತಾರೀಖು ಬರೆದಿದ್ದೇನೆ. ತಿದ್ದುವ ಭಾರವನ್ನು ತಂಗಿ ವಹಿಸಿಕೊಂಡಿದ್ದಾಳೆ. ಮೊದಲ ತಿದ್ದುಪಡಿಯನ್ನು ಅವಳು ಪೆನ್ಸಿಲಿನಿಂದ ಕಾಗದದ ಮೇಲೆಯೇ ಮಾಡಿ, ಆಮೇಲೆ ಗಣಕದಲ್ಲಿ ಮಾಡಿದಳು. ಅದೇ ಸರಿಯಾದ ಕ್ರಮವೆಂದು ನನಗೂ ತೋರಿತು.

ಮೇ ತಿಂಗಳ ಗುಡುಗಿನಲ್ಲಿ ಮತ್ತೊಮ್ಮೆ ನೆಟ್ ಹೋಯಿತು. ಆಗ ನಾನು ಪರೀಕ್ಷೆಯ ಓದಿನಲ್ಲಿದ್ದೆ. ಅಪ್ಪ ರಸ್ತೆಗೆ ಬಂದು ಫೋನು ಮಾಡಿ, "೧ರಲ್ಲಿ ಹಸಿರು ಉಂಟು. ೨ರಲ್ಲಿ ದೀಪವೇ ಇಲ್ಲ. ಕಾಗದದಲ್ಲಿ ಇರಬೇಕು ಎಂದು ಉಂಟು," ಎಂದರು. ೨ ಎಂದರೆ ಅಟ್ಟದ ಸ್ವಿಚ್. ಅದರ ಅಡಾಪ್ಟರ್ ಸುಟ್ಟಿರಬೇಕೆಂದು ನಾನು ಹೇಳುವ ಮೊದಲೇ ಅವರು, "ಇರಿಟ್ಟಿಗೆ ಹೋಗುವ ಜೀಪಿನವನ ಹತ್ತಿರ ಹಳೆಯದನ್ನು ಕೊಟ್ಟು, ಅಂಥದ್ದೇ ತರಲು ಹೇಳಿದ್ದೇನೆ," ಎಂದರು. ಸಂಜೆಗೆ ನೆಟ್ ಬಂದಿತು. ನನ್ನ ಸಹಾಯ ಬೇಕಾಗಿಯೇ ಇರಲಿಲ್ಲ. ಸುದ್ದಿ ತಿಳಿಸಲೆಂದು ಮಾತ್ರ ಕರೆ ಮಾಡಿದ್ದರು.

ಯಾವ ತಂತ್ರಾಂಶ ಒಳ್ಳೆಯದೆಂದು ಯಾರಾದರೂ ಕೇಳಿದರೆ ನಾನು ಈಗ ಹೆಸರು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಕೊನೆಗೆ ಉಳಿಯುವವರು ಯಾರು ಎಂದು ಕೇಳುತ್ತೇನೆ. ಅವರು ಓದಬಲ್ಲುದನ್ನು ಆರಿಸಿಕೊಳ್ಳಿ. ದೊಡ್ಡ ತಂತ್ರಾಂಶಗಳನ್ನು ಕಲಿಯಬೇಡಿರೆಂದು ನನ್ನ ಅಭಿಪ್ರಾಯವಲ್ಲ. ಅವುಗಳಿಂದ ನಾನು ಕ್ರಮವನ್ನು ಕಲಿತೆ, ಆ ಕ್ರಮವೇ ನನ್ನ ಕೋಷ್ಟಕದಲ್ಲಿದೆ. ನಮ್ಮಲ್ಲಿ ಬಹಳ ಮಂದಿ ಮನೆಯಿಂದ ಮೊದಲ ಬಾರಿಗೆ ಕಾಲೇಜಿಗೆ ಬಂದವರು. ರಜೆಯಲ್ಲಿ ಊರಿಗೆ ಹೋದಾಗ ಒಂದು ಮಧ್ಯಾಹ್ನ ಟಾರ್ಚು ಹಿಡಿದು ತಂತಿಗಳನ್ನು ಸವರಿ ನೋಡಿರಿ. ಎರಡು ತುದಿಗಳಿಗೂ ಸಂಖ್ಯೆ ಬರೆಯಿರಿ. ಒಂದು ಕಾಗದವನ್ನು ಗೋಡೆಗೆ ತೂಗುಹಾಕಿರಿ. ಈ ಲೇಖನದಲ್ಲಿ ಶಾಸ್ತ್ರದ ತಪ್ಪುಗಳಿದ್ದರೆ ಬಲ್ಲ ಅಧ್ಯಾಪಕರು ತಿದ್ದಬೇಕೆಂದು ಕೋರುತ್ತೇನೆ. ತಂಗಿ ಈ ವರ್ಷ ಅರ್ಜಿಯನ್ನು ಕೊನೆಯ ದಿನದವರೆಗೆ ಕಾಯದೆ ಮೊದಲ ವಾರದಲ್ಲಿಯೇ ಸಲ್ಲಿಸಿದ್ದಾಳೆ.